ಪಗನಿನಿಯ ಪಿಟೀಲಿಗೆ ಒಂದೇ ತಂತಿ ಯಾಕೆ?

ಪ್ರಶ್ನೆ: 1830ರ ದಶಕದ ವ್ಯಂಗ್ಯಚಿತ್ರಗಳಲ್ಲಿ ಇಟಲಿಯ ಪಿಟೀಲು ವಾದಕ ನಿಕೊಲೊ ಪಗನಿನಿಯ ಪಿಟೀಲಿಗೆ ಒಮ್ಮೊಮ್ಮೆ ಒಂದೇ ತಂತಿ ಇರುತ್ತದೆ. ಪ್ರೇಯಸಿಯನ್ನೋ ಪ್ರತಿಸ್ಪರ್ಧಿಯನ್ನೋ ಕೊಲೆ ಮಾಡಿ ಎಂಟು ವರ್ಷ ಜೈಲಿನಲ್ಲಿದ್ದಾಗ ಮಿಕ್ಕವು ಹರಿದುಹೋಗಿ, ಉಳಿದ ಒಂದರಲ್ಲೇ ಸಾಧನೆ ಮಾಡಿದನಂತೆ. ನಿಜವೇ?

ಉತ್ತರ: ಒಂದು ತಂತಿ ನಿಜ, ಜೈಲು ಸುಳ್ಳು. ಇದನ್ನು ಇನ್ನೆಷ್ಟು ಸಲ ಹೇಳಬೇಕೋ!

ಬರೀ ಜಿ ತಂತಿಗೆಂದೇ, ಅಂದರೆ ನಾಲ್ಕರಲ್ಲಿ ಅತಿ ಮಂದ್ರದ ತಂತಿಗೆ, ಆತ ಬೇಕೆಂದೇ ಕೃತಿ ರಚಿಸುತ್ತಿದ್ದ. ಆತನೇ ಹೇಳಿಕೊಂಡಂತೆ, ಇಟಲಿಯ ಲುಕ್ಕಾದ ಆಸ್ಥಾನದಲ್ಲಿ ಮೊದಲು ಎರಡು ತಂತಿಗಳ ಮೇಲೆ ಪ್ರೇಮಿಗಳ ಸಂವಾದ ನುಡಿಸಿದ್ದ: ಅತಿ ತಾರದ ಇ ತಂತಿ ಹೆಣ್ಣು, ಜಿ ತಂತಿ ಗಂಡು. ಅಲ್ಲಿನ ರಾಣಿಯಂತಿದ್ದ, ನೆಪೋಲಿಯನ್ನನ ತಂಗಿ ಎಲಿಸಾ, ಒಂದರಲ್ಲೇ ಆಗದೇ ಎಂದು ಕೇಳಿದಳು. 1807ರ ‘ನೆಪೋಲಿಯನ್’ ಸೊನಾಟಾ ಎಂಬ ವಾದ್ಯಕೃತಿ ಹುಟ್ಟಿದ್ದು ಹಾಗೆ. ಸಂಗೀತಕಾರ ರೊಸ್ಸಿನಿಯ ಮೋಸೆಸ್ ಒಪೆರಾದ (ಸಂಗೀತ ನಾಟಕದ) ಪ್ರಾರ್ಥನೆಯನ್ನು ವಿಸ್ತರಿಸುವಾಗಲಂತೂ ಬಿರಡೆ ತಿರುಗಿಸಿ ಅದೇ ತಂತಿಯನ್ನು ಮೂರು ಅರ್ಧಸ್ವರ ಏರಿಸಿಕೊಳ್ಳುತ್ತಿದ್ದ. ಬಿಗಿ ಹೆಚ್ಚಿದಷ್ಟೂ ನಾದ ಮೊನಚಾಗುತ್ತದೆ. ಬೆರಳು ಒತ್ತದೆ ಬರೀ ತಾಕಿಸಿ ಹಾರ್ಮೋನಿಕ್ಸ್ ಎಂಬ ತೆಳು ತಾರಸ್ವರ ತೆಗೆದರೆ ಆ ಒಂದು ತಂತಿಯಲ್ಲೇ ಮೂರು ಸ್ಥಾಯಿ ಸಿಗುತ್ತದೆ.

ಇನ್ನು ಜೈಲಿನ ಕಥೆ. 1831ರಲ್ಲಿ ಆತ ಪ್ಯಾರಿಸ್‌ಗೆ ಬಂದಾಗ, ಸೆರೆಕೋಣೆಯಲ್ಲಿ ಕೂತು ಪಿಟೀಲು ನುಡಿಸುವ ಪಗನಿನಿಯ ಕಲ್ಲಚ್ಚಿನ (ಲಿಥೋಗ್ರಾಫ್) ಚಿತ್ರ ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ಬಿಡಿಸಿದವನು ಲೂಯಿ ಬೂಲಾಂಜೆ. ಅದರಲ್ಲಿ ಗೇಲಿ ಇರಲಿಲ್ಲ, ಗಂಭೀರವಾಗಿಯೇ ಬಿಡಿಸಿದ್ದ. ಜನ ನಂಬಲು ಅಷ್ಟು ಸಾಕಾಯಿತು. ಪಗನಿನಿ ‘ರೆವ್ಯೂ ಮ್ಯೂಸಿಕಾಲ್’ ಪತ್ರಿಕೆಗೆ ಕಾಗದ ಬರೆದು ಲೆಕ್ಕ ಒಪ್ಪಿಸಿದ. ಹದಿಹರೆಯದಿಂದಲೇ ಜನರೆದುರು ನುಡಿಸುತ್ತ ಬಂದಿದ್ದೇನೆ, ಎಂಟು ವರ್ಷದ ಸೆರೆವಾಸ ಅದಕ್ಕೂ ಮುಂಚೆ ಮುಗಿದಿರಬೇಕಲ್ಲ, ಹಾಗಿದ್ದರೆ ಏಳನೇ ವಯಸ್ಸಿಗೇ ನನಗೊಬ್ಬ ಪ್ರೇಯಸಿ, ಒಬ್ಬ ಪ್ರತಿಸ್ಪರ್ಧಿ ಇದ್ದಿರಬೇಕು ಎಂಬುದು ಆತನ ವಾದ. ಲೆಕ್ಕ ಸರಿಯಾಗಿಯೇ ಇದೆ, ಕೇಳಿದವರು ಕಡಿಮೆ.

ಹೌದು, 1815ರಲ್ಲಿ ಜಿನೋವಾದಲ್ಲಿ ಕೆಲವು ದಿನ ಬಂಧನದಲ್ಲಿದ್ದ. ಹುಡುಗಿಯೊಬ್ಬಳನ್ನು ಕರೆದೊಯ್ದ ಪ್ರಕರಣದಲ್ಲಿ ಆಕೆಯ ತಂದೆ ಕೊಟ್ಟ ದೂರು ಅದು. ಕೊಲೆಯ ಮಾತೇ ಇಲ್ಲ. ಅಷ್ಟರಲ್ಲಿ ಒಂದು ತಂತಿಯ ಸೊನಾಟಾಕ್ಕೆ ಎಂಟು ವರ್ಷ ತುಂಬಿತ್ತು! ಕೆಲವು ದಿನದಲ್ಲಿ ಯಾರು ಏನು ಕಲಿಯುತ್ತಾರೆ?

ಲಂಡನ್ನಿನ ವ್ಯಂಗ್ಯಚಿತ್ರಕಾರರ ಸಿಟ್ಟು ಬೇರೆ. ಕಿಂಗ್ಸ್ ಥಿಯೇಟರಿನ ಕಛೇರಿಗೆ ದುಪ್ಪಟ್ಟು ದರ ಘೋಷಿಸಿ, ಗಲಾಟೆಯಾದ ಮೇಲೆ ಇಳಿಸಿದ್ದರು. ಅವರಿಗೆ ದುಡ್ಡಿನ ಚೀಲವೇ ವಸ್ತು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಇಂಥ ಚಿತ್ರ ಸಿಕ್ಕರೆ ಕಮಾನು ಯಾವ ಕೈಯಲ್ಲಿದೆ ನೋಡಿ. ಎಡಗೈಯಲ್ಲಿದ್ದರೆ ಪಗನಿನಿ ಎಡಚ ಎಂದು ತೀರ್ಮಾನಿಸಬೇಡಿ. ಕಲ್ಲಚ್ಚಿನಲ್ಲಿ ಜಿಡ್ಡಿನ ಕಡ್ಡಿಯಿಂದ ಸುಣ್ಣಕಲ್ಲಿನ ಮೇಲೇ ನೇರವಾಗಿ ಬಿಡಿಸುತ್ತಾರೆ. ಗೋಂದು, ಆಮ್ಲ ಸವರಿ, ಒದ್ದೆ ಮಾಡಿ ಶಾಯಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಕಾಗದಕ್ಕೆ ಬಂದಾಗ ಎಡ ಬಲವಾಗುತ್ತದೆ. ಕೆಳಗಿನ ಅಕ್ಷರ ನೆಟ್ಟಗಿದೆಯಲ್ಲ ಎನ್ನುತ್ತೀರಾ? ಅದನ್ನು ತಿರುಗುಮುರುಗಾಗಿ ಬರೆಯುವ ನುರಿತ ಬರಹಗಾರರಿದ್ದರು. ಚಿತ್ರಗಾರ ಪಿಟೀಲನ್ನು ತಿರುಗಿಸಲು ಮರೆತಿರುತ್ತಾನೆ. ತಂತಿಯಲ್ಲೂ ಪರೀಕ್ಷಿಸಬಹುದು. ಸುರುಳಿ ತುದಿ ಮೇಲಿರುವಂತೆ ಪಿಟೀಲನ್ನು ಎದುರಿಂದ ನೋಡಿದರೆ ಜಿ ತಂತಿ ನಿಮ್ಮ ಎಡಕ್ಕಿರಬೇಕು.