ದಣಿದ ಹೊತ್ತಿನ ನಡಿಗೆಗೆ ತಕ್ಕ ಆಸರೆ

ಮಿದುಳು, ಬೆನ್ನುಹುರಿಗಳನ್ನು ಕಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಇರುವವರಿಗೆ ಊರುಗೋಲನ್ನೋ ವಾಕರನ್ನೋ ಸೂಚಿಸುವ ಮುನ್ನ ಫಿಸಿಯೋಥೆರಪಿಸ್ಟರಾದ ನಾವು ನೋಡುವುದು ಬಹುಮಟ್ಟಿಗೆ ಅವರ ದಿನದ ಅತ್ಯುತ್ತಮ ನಡಿಗೆಯನ್ನು. ಬೆಳಗಿನ ಹೊತ್ತು ಸಮತಟ್ಟಾದ ನೆಲದ ಮೇಲೆ, ತಂಪಾದ ಕೋಣೆಯಲ್ಲಿ ಹತ್ತಿಪ್ಪತ್ತು ಹೆಜ್ಜೆ ಚೆನ್ನಾಗಿಯೇ ನಡೆದು ತೋರಿಸಿದವರು ಅದೇ ಸಂಜೆ ಬಚ್ಚಲಿನ ಬಾಗಿಲಲ್ಲಿ ಆಯತಪ್ಪಿ ಬೀಳಬಹುದು. ಸಾಧನವನ್ನು ಆರಿಸಬೇಕಾದದ್ದು ಆ ಸಂಜೆಯ ನಡಿಗೆಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಸಾಧ್ಯವಿರುವವರಿಗೆ ಆರು ನಿಮಿಷ ನಡೆಯಲು ಹೇಳಿ, ಮೊದಲ ನಿಮಿಷದ ಹೆಜ್ಜೆಯನ್ನು ಕೊನೆಯ ನಿಮಿಷದ ಹೆಜ್ಜೆಯೊಂದಿಗೆ ಹೋಲಿಸುತ್ತೇನೆ. ಸ್ವಲ್ಪ ಹೊತ್ತು ಕಳೆದ ಮೇಲೆ ಒಂದು ಪಾದದ ತುದಿ ನೆಲವನ್ನು ಸವರುವ ಸದ್ದು ಕೇಳತೊಡಗುತ್ತದೆ. ಆಮೇಲೆ ಆ ಕಾಲನ್ನು ಎತ್ತಿಡಲು ಅದೇ ಬದಿಯ ಸೊಂಟ ಮೇಲೇಳುತ್ತದೆ. ಇನ್ನೂ ದಣಿದಾಗ ಮಂಡಿ ಹಿಂದಕ್ಕೆ ಸೆಟೆದು ನಿಲ್ಲುತ್ತದೆ. ಅವರ ಪಾದರಕ್ಷೆಯನ್ನು ತಿರುಗಿಸಿ ನೋಡಿದರೆ ಆ ಕಾಲಿನ ಅಟ್ಟೆಯ ಮುಂತುದಿ ಮಾತ್ರ ಸವೆದಿರುತ್ತದೆ. ಆ ಅಟ್ಟೆ ಹೇಳುವಷ್ಟನ್ನು ಎಷ್ಟೋ ಸಲ ಪರೀಕ್ಷೆಯೂ ಹೇಳುವುದಿಲ್ಲ.

ಈ ಏರಿಳಿತಕ್ಕೆ ಕಾರಣ ಕಾಯಿಲೆಯ ಸ್ವರೂಪದಲ್ಲೇ ಇದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳ ತಂತುಗಳನ್ನು ಸುತ್ತಿರುವ ಮೈಲಿನ್ ಪೊರೆಗೆ ಹಾನಿ ಮಾಡುವುದರಿಂದ ಸಂಕೇತಗಳು ನಿಧಾನವಾಗುತ್ತವೆ. ಪೊರೆ ಕಳಚಿದ ತಂತುವಿನಲ್ಲಿ ಮೈಯ ಉಷ್ಣತೆ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೂ ಸಂಕೇತ ನಡುದಾರಿಯಲ್ಲೇ ನಿಂತುಬಿಡಬಹುದು. ವ್ಯಾಯಾಮದ ನಂತರ ಇಂಥ ರೋಗಿಗಳ ದೃಷ್ಟಿ ಕೆಲಹೊತ್ತು ಮಂಕಾಗುವುದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿ ವರದಿ ಮಾಡಿದ್ದರು. ನಡಿಗೆಯೂ ಮೈಯನ್ನು ಬಿಸಿ ಮಾಡುವ ಶ್ರಮವೇ. ಹಾಗಾಗಿ ಒಳ್ಳೆಯ ಸಾಧನವು ಬೀಳದಂತೆ ತಡೆಯುವುದರ ಜೊತೆಗೆ ಪ್ರತಿ ಹೆಜ್ಜೆಯ ಶ್ರಮವನ್ನೂ ಇಳಿಸಬೇಕು.

ತೂರಾಡುವವರೆಲ್ಲ ಒಂದೇ ಕಾರಣಕ್ಕೆ ತೂರಾಡುವುದಿಲ್ಲ. ಕಣ್ಣು, ಒಳಕಿವಿ ಹಾಗೂ ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ, ಈ ಮೂರರಿಂದ ಬರುವ ಮಾಹಿತಿಯನ್ನು ಮಿದುಳು ಹೊಂದಿಸಿಕೊಂಡಾಗ ಸಮತೋಲ ಉಳಿಯುತ್ತದೆ. ಪಾದಗಳನ್ನು ಜೋಡಿಸಿ ನಿಂತು ಕಣ್ಣು ಮುಚ್ಚಿದೊಡನೆ ಓಲಾಡುವವರಿಗೆ ಪಾದದಿಂದ ಬರುವ ಮಾಹಿತಿ ಸಾಲುತ್ತಿಲ್ಲವೆಂದು ಅರ್ಥ. ಅಂಥವರು ಹಗಲಲ್ಲಿ ಕಣ್ಣಿನ ಬಲದಿಂದ ನಡೆಯುತ್ತಾರೆ, ಕತ್ತಲಲ್ಲಿ ಬೀಳುತ್ತಾರೆ. ಅವರಿಗೆ ಬೇಕಾದದ್ದು ಭಾರ ಹೊರುವ ಗಟ್ಟಿ ಸಾಧನವಲ್ಲ, ನೆಲದ ಸುದ್ದಿಯನ್ನು ಕೈಗೆ ಮುಟ್ಟಿಸುವ ಸಾಧನ. ಸ್ಥಿರವಾದ ವಸ್ತುವೊಂದನ್ನು ಬೆರಳ ತುದಿಯಿಂದ ಒಂದು ನ್ಯೂಟನ್‌ಗಿಂತ ಕಡಿಮೆ ಬಲದಲ್ಲಿ, ಅಂದರೆ ನೂರು ಗ್ರಾಂ ತೂಕಕ್ಕೂ ಹಗುರಾಗಿ, ಸೋಕಿಕೊಂಡಿದ್ದರೂ ದೇಹದ ಓಲಾಟ ತಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಹಗುರವಾದ ಊರುಗೋಲು, ಅದಕ್ಕಿಂತಲೂ ಚಾರಣಿಗರು ಬಳಸುವಂಥ ಜೋಡಿ ಕೋಲುಗಳು ಇವರಿಗೆ ಚೆನ್ನಾಗಿ ಒಗ್ಗುತ್ತವೆ. ಬೆನ್ನು ಬಾಗದೆ ನೆಟ್ಟಗೆ ನಡೆಯಲೂ ಅವು ನೆರವಾಗುತ್ತವೆ. ಆದರೆ ಕಿರುಮಿದುಳಿಗೆ ಪೆಟ್ಟಾಗಿ ಕೈಕಾಲುಗಳ ಹೊಂದಾಣಿಕೆಯೇ ತಪ್ಪಿರುವವರ ಕೈಗೆ ಹಗುರ ಕೋಲು ಕೊಟ್ಟರೆ ಅದು ಎಲ್ಲೆಲ್ಲೋ ಊರಿ, ಅವರದೇ ಕಾಲಿಗೆ ತೊಡರುತ್ತದೆ. ಅವರಿಗೆ ತೂಕವಿರುವ, ಅಗಲ ಬುಡದ ವಾಕರ್ ಹೆಚ್ಚು ಕ್ಷೇಮ.

ಊರುಗೋಲನ್ನು ಸಾಮಾನ್ಯವಾಗಿ ದುರ್ಬಲ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿದು, ಆ ಕಾಲಿನ ಜೊತೆಗೇ ಮುಂದಿಡಬೇಕು. ಆ ಕೈಯಲ್ಲಿ ನಡುಕವಿದ್ದರೆ ಅಥವಾ ಹಿಡಿತ ಸಡಿಲವಾಗಿದ್ದರೆ ಮಾತ್ರ ಬದಲಿಸುವುದು ಸರಿ. ದಿನವೂ ತೊಡುವ ಪಾದರಕ್ಷೆ ತೊಟ್ಟು, ಕೈಯನ್ನು ಸಡಿಲವಾಗಿ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮವಾಗಿರಬೇಕು. ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿಯಷ್ಟು ಬಾಗಿರಬೇಕು. ಮನೆಯ ಹಿರಿಯರೊಬ್ಬರು ಬಿಟ್ಟುಹೋದ ಕೋಲನ್ನೇ ಅಳತೆ ನೋಡದೆ ಬಳಸುವವರು ಬಹಳ. ಎತ್ತರ ಹೆಚ್ಚಾದ ಕೋಲು ಭುಜವನ್ನು ಮೇಲೆತ್ತಿ ಕತ್ತು ನೋಯಿಸುತ್ತದೆ, ಕುಳ್ಳಾದದ್ದು ಸೊಂಟವನ್ನು ಬಗ್ಗಿಸುತ್ತದೆ. ನಾಲ್ಕು ಕಾಲಿನ ಕೋಲು ನೋಡಲು ಭದ್ರ, ಆದರೆ ನಾಲ್ಕೂ ಕಾಲು ಏಕಕಾಲಕ್ಕೆ ನೆಲ ಮುಟ್ಟುವಷ್ಟು ನಿಧಾನವಾಗಿ ನಡೆಯುವವರಿಗೆ ಮಾತ್ರ ಅದು ಹೊಂದುತ್ತದೆ.

ಕೋಲು ಹಿಡಿಯುವುದೆಂದರೆ ಕಾಯಿಲೆ ಒಂದು ಮೆಟ್ಟಿಲು ಏರಿತೆಂದೇ ಅರ್ಥ ಎಂದು ಅನೇಕರು ಹಿಂಜರಿಯುತ್ತಾರೆ. ಅಮೆರಿಕದ ನರರೋಗ ತಜ್ಞ ಜಾನ್ ಕರ್ಟ್ಸ್‌ಕೆ 1983ರಲ್ಲಿ ಪ್ರಕಟಿಸಿದ, ಸೊನ್ನೆಯಿಂದ ಹತ್ತರವರೆಗಿನ ಅಂಗವೈಕಲ್ಯದ ಮಾಪಕದಲ್ಲಿ ಸುಮಾರು ನೂರು ಮೀಟರ್ ನಡೆಯಲು ಒಂದು ಬದಿಯ ಆಸರೆ ಬೇಕಾದವರಿಗೆ 6 ಅಂಕ; ಅದನ್ನು ಓದಿಕೊಂಡವರಿಗೆ ಆ ಅಂಕದ ಭಯ. ಮಾಪಕ ಅಳೆಯುವುದು ಆಸರೆಯ ಅಗತ್ಯವನ್ನು. ಕೋಲನ್ನು ಮೂಲೆಯಲ್ಲಿಟ್ಟ ಮಾತ್ರಕ್ಕೆ ಅಗತ್ಯ ಕರಗುವುದಿಲ್ಲ. ಈ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರು ತಿಂಗಳ ಅವಧಿಯಲ್ಲಿ ಒಮ್ಮೆಯಾದರೂ ಬೀಳುತ್ತಾರೆಂದು ಅಧ್ಯಯನಗಳು ಕಂಡುಕೊಂಡಿವೆ, ಮತ್ತು ಬಿದ್ದ ಭಯದಿಂದ ನಡೆಯುವುದನ್ನೇ ಕಡಿಮೆ ಮಾಡಿದವರ ಕಾಲುಗಳು ಬಳಕೆಯಿಲ್ಲದೆ ಇನ್ನಷ್ಟು ಸೊರಗುತ್ತವೆ.

ಪಾದದ ತುದಿ ಜೋತುಬೀಳುವುದೇ ಮುಖ್ಯ ತೊಂದರೆಯಾದರೆ ಕೋಲಿಗಿಂತ ಮೊದಲು ಪಾದವನ್ನು ನೋಡಬೇಕು. ಎ.ಎಫ್.ಒ. (ಆಂಕಲ್-ಫುಟ್ ಆರ್ಥೋಸಿಸ್) ಎಂದು ಕರೆಯುವ ಪಟ್ಟಿ ಕಣಕಾಲನ್ನು ಹಿಡಿದು ಪಾದ ಇಳಿಬೀಳದಂತೆ ನಿಲ್ಲಿಸುತ್ತದೆ. ಕಣಕಾಲು ಬಹಳ ಬಿಗಿಯಾಗಿರುವವರಿಗೆ, ಪಾದ ಒಳಮಗ್ಗುಲಿಗೆ ಹೊರಳುವವರಿಗೆ ಇದು ಸೂಕ್ತ. ಆದರೆ ಆಯ ತಪ್ಪಿದಾಗ ಸಾವರಿಸಿಕೊಳ್ಳಲು ಕಣಕಾಲು ಮಾಡುವ ಸಣ್ಣ ಚಲನೆಗಳನ್ನೂ ಗಡುಸಾದ ಪಟ್ಟಿ ಕಟ್ಟಿಹಾಕುತ್ತದೆಂಬುದನ್ನು ಮರೆಯಬಾರದು. ಪಾದದಲ್ಲಿ ಸ್ಪರ್ಶ ಮಂದವಾಗಿರುವವರಿಗೆ ಪಟ್ಟಿ ಒತ್ತುವುದು ಗೊತ್ತಾಗುವುದಿಲ್ಲ; ಬಿಚ್ಚಿದ ಇಪ್ಪತ್ತು ನಿಮಿಷದ ನಂತರವೂ ಚರ್ಮದ ಕೆಂಪು ಮಾಯದಿದ್ದರೆ ಅದನ್ನು ಸರಿಪಡಿಸುವವರೆಗೆ ತೊಡಬಾರದು. ಇನ್ನೊಂದು ದಾರಿ, ಮಂಡಿಯ ಕೆಳಗೆ ಹೊರಬದಿಯಲ್ಲಿ ಹಾದುಹೋಗುವ ನರಕ್ಕೆ ಹೆಜ್ಜೆ ಎತ್ತಿದ ಕ್ಷಣದಲ್ಲಿ ಸಣ್ಣ ವಿದ್ಯುತ್ ಪ್ರಚೋದನೆ ನೀಡಿ ಪಾದವನ್ನು ಮೇಲೆತ್ತುವ ಸಾಧನ. ಈ ಕಾಯಿಲೆಯಲ್ಲಿ ಹಾನಿ ಮಿದುಳು ಮತ್ತು ಬೆನ್ನುಹುರಿಯೊಳಗೆ ಇದ್ದು, ಕಾಲಿನ ನರ ಸಾಮಾನ್ಯವಾಗಿ ಉಳಿದಿರುವುದರಿಂದ ಈ ಉಪಾಯ ಫಲಿಸುತ್ತದೆ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಕೂಡದು.

ಎರಡೂ ಕಾಲು ಸೋತಾಗ ಕಂಕುಳಲ್ಲಿ ಊರುವ ಊರುಗೋಲಿಗಿಂತ ಮುಂಗೈಗೆ ಪಟ್ಟಿಯಿರುವ ಜೋಡಿಯನ್ನು ನಾನು ಸೂಚಿಸುತ್ತೇನೆ, ಏಕೆಂದರೆ ಕಂಕುಳಲ್ಲಿ ಮೈಭಾರ ಬಿದ್ದರೆ ತೋಳಿನ ನರಕ್ಕೆ ಪೆಟ್ಟಾಗಬಹುದು. ಚಕ್ರವಿರುವ ವಾಕರ್, ಅಂದರೆ ರೋಲೇಟರಿನ ದೊಡ್ಡ ಅನುಕೂಲ ಅದರ ಆಸನ. ದಣಿದಲ್ಲೇ ಕೂರಬಹುದೆಂಬ ಧೈರ್ಯದಿಂದಲೇ ಅನೇಕರು ಮತ್ತೆ ಹೊರಗೆ ಹೊರಡುತ್ತಾರೆ. ಕೊಳ್ಳುವ ಮುನ್ನ ದಣಿದ ಕೈಯಿಂದ ಬ್ರೇಕ್ ಒತ್ತಿ ನೋಡಬೇಕು. ಕೂರುವಾಗ ಎರಡೂ ಬ್ರೇಕ್ ಲಾಕ್ ಮಾಡಿ, ಹಿಂದಕ್ಕೆ ಸರಿದು, ಆಸನದ ಅಂಚು ಕಾಲಿಗೆ ತಾಗಿದ ಮೇಲಷ್ಟೇ ಕುಳಿತುಕೊಳ್ಳಬೇಕು. ಮೂತ್ರದ ಅವಸರ ಈ ಕಾಯಿಲೆಯಲ್ಲಿ ಸಾಮಾನ್ಯವಾದ್ದರಿಂದ ರಾತ್ರಿ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಗೆ ದೀಪ, ಗೋಡೆಗೆ ಹಿಡಿಕಂಬಿ ಎರಡೂ ಬೇಕು.

ನಡೆಯಬಲ್ಲವರು ವೀಲ್‌ಚೇರ್ ಬಳಸಬಾರದೆಂಬ ನಿಯಮವೇನೂ ಇಲ್ಲ. ಮನೆಯೊಳಗೆ ಕೋಲು, ದೂರದ ಓಡಾಟಕ್ಕೆ ವೀಲ್‌ಚೇರ್ ಎಂದು ಹಂಚಿಕೊಂಡವರು ಉಳಿಸಿದ ಶಕ್ತಿಯನ್ನು ಕೆಲಸಕ್ಕೂ ಮಕ್ಕಳೊಡನೆ ಕಳೆಯುವ ಹೊತ್ತಿಗೂ ಇಟ್ಟುಕೊಳ್ಳುತ್ತಾರೆ. ಹೆಚ್ಚು ಹೊತ್ತು ಕೂರುವವರಿಗೆ ಒತ್ತಡ ಹಂಚುವ ದಿಂಬು ಮತ್ತು ಸೊಂಟದ ಅಳತೆಗೆ ಸರಿಯಾದ ಆಸನ ಬೇಕೇಬೇಕು.

ಸಾಧನವನ್ನು ಬದಲಿಸುವ ಮುನ್ನ ಒಂದು ಎಚ್ಚರಿಕೆ. ಒಂದೆರಡು ದಿನದಲ್ಲಿ ನಡಿಗೆ ಥಟ್ಟನೆ ಕೆಟ್ಟರೆ ದೊಡ್ಡ ವಾಕರ್ ಕೊಳ್ಳಲು ಹೊರಡಬೇಡಿ. ಮೂತ್ರದ ಸೋಂಕು ಅಥವಾ ಜ್ವರ ಇದೆಯೇ ಎಂದು ಮೊದಲು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ, ಅದು ವಾಸಿಯಾದರೆ ಹಳೆಯ ನಡಿಗೆ ಮರಳಬಹುದು. ಸ್ನಾಯು ಬಿಗಿತಕ್ಕೆ ಹೊಸ ಔಷಧ ಆರಂಭಿಸಿದಾಗಲೂ ಸಾಧನವನ್ನು ಮರುಪರಿಶೀಲಿಸಬೇಕು, ಏಕೆಂದರೆ ಕೆಲವರು ನಿಲ್ಲುತ್ತಿದ್ದದ್ದೇ ಆ ಬಿಗಿತದ ಬಲದಿಂದ.