ಶಾಲೆಯಿಲ್ಲದ ನುಡಿಗೆ ಹಾಡೇ ಆಸರೆ: ಉತ್ತರ ಆಫ್ರಿಕಾದ ಸಂಗೀತದ ಹಿಂದಿನ ಭಾಷಾಕಥನ

ಉತ್ತರ ಆಫ್ರಿಕಾದ ಸಂಗೀತ ಎಂದಾಗ ನಮ್ಮಲ್ಲಿ ಅನೇಕರಿಗೆ ಇಂದಿಗೂ ನೆನಪಾಗುವುದು 1992ರಲ್ಲಿ ಬಂದ ಖಾಲಿದ್ ಅವರ ‘ದೀದಿ’. ಕ್ಯಾಸೆಟ್ಟಿನ ಕಾಲದಲ್ಲಿ ಭಾರತದಲ್ಲೂ ಮೊಳಗಿದ ಆ ಹಾಡನ್ನು ನಾವು ‘ಅರಬ್ಬಿ ಹಾಡು’ ಎಂದು ಕರೆದು ಸುಮ್ಮನಾದೆವು. ಆ ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಖಾಲಿದ್ ಹಾಡಿದ್ದು ಅಲ್ಜೀರಿಯದ ಓರಾನ್ ನಗರದ ಬೀದಿಯ ಅರಬ್ಬಿಯಲ್ಲಿ, ಅಲ್ಲಿನವರು ದಾರಿಜಾ ಎನ್ನುವ ಆಡುನುಡಿಯಲ್ಲಿ. ಅದು ಪಠ್ಯಪುಸ್ತಕದ ಅರಬ್ಬಿಯಲ್ಲ, ಕೈರೋ ಸಿನಿಮಾಗಳ ಅರಬ್ಬಿಯೂ ಅಲ್ಲ. ಓರಾನ್‌ನಿಂದ ಪೂರ್ವಕ್ಕೆ ಹೊರಟು, ರಾಜಧಾನಿ ಅಲ್ಜೀರ್ಸ್ ದಾಟಿ ಜುರ್ಜುರಾ ಬೆಟ್ಟಸಾಲನ್ನು ಏರಿದರೆ ಅದೇ ದೇಶದ ಜನ ಇನ್ನೊಂದೇ ಭಾಷೆಯಲ್ಲಿ ಹಾಡುವುದು ಕೇಳಿಸುತ್ತದೆ. ಅದು ಕಬೈಲ್. ಅರಬ್ಬಿಯ ಉಪಭಾಷೆಯಲ್ಲ, ಅರಬ್ಬಿ ಅಲ್ಲಿಗೆ ಬರುವುದಕ್ಕೆ ಬಹಳ ಹಿಂದಿನಿಂದ ಇದ್ದ ಬರ್ಬರ್ ನುಡಿಕುಟುಂಬದ ಒಂದು ಕವಲು.

ಇಪ್ಪತ್ತನೆಯ ಶತಮಾನದ ಬಹುಪಾಲು ಆ ನುಡಿಗೆ ಶಾಲೆಯಲ್ಲಿ ಜಾಗವಿರಲಿಲ್ಲ, ಕಚೇರಿಯಲ್ಲಿ ಇರಲಿಲ್ಲ, ಅಚ್ಚುಮನೆಯಲ್ಲಿ ಇದ್ದರೂ ಅತ್ಯಲ್ಪ. ಅದು ಉಳಿದದ್ದು, ಬೆಳೆದದ್ದು, ಕೊನೆಗೆ ಸರಕಾರದ ಜೊತೆ ಜಗಳಕ್ಕೂ ನಿಂತದ್ದು ಹಾಡಿನ ಬಲದಿಂದ. ಅಲ್ಜೀರಿಯದ ಸಂಗೀತವನ್ನು ಭಾಷೆಯ ಚರಿತ್ರೆ ತಿಳಿಯದೆ ಕೇಳಿದರೆ ರಾಗ ಸಿಗುತ್ತದೆ, ಆದರೆ ಆ ಹಾಡನ್ನು ಹಾಡಲು ಏನೆಲ್ಲ ತೆರಬೇಕಾಯಿತು ಎಂಬುದು ಕೈತಪ್ಪಿ ಹೋಗುತ್ತದೆ.

ಬರ್ಬರ್ ಎಂಬುದು ಹೊರಗಿನವರು ಇಟ್ಟ ಹೆಸರು. ಆ ಜನ ತಮ್ಮನ್ನು ಅಮಾಜಿಗ್ ಎಂದು, ನುಡಿಯನ್ನು ತಮಾಜಿಗ್ತ್ ಎಂದು ಕರೆದುಕೊಳ್ಳುತ್ತಾರೆ. ಮೊರಾಕೊದ ಅಟ್ಲಾಂಟಿಕ್ ಕರಾವಳಿಯಿಂದ ಈಜಿಪ್ಟಿನ ಸೀವಾ ಓಯಸಿಸ್‌ವರೆಗೆ, ದಕ್ಷಿಣಕ್ಕೆ ಸಹಾರಾ ದಾಟಿ ಮಾಲಿ, ನೈಜರ್‌ವರೆಗೆ ಈ ಕುಟುಂಬ ತುಂಡುತುಂಡಾಗಿ ಹರಡಿದೆ. ಕಬೈಲ್, ಶಾವಿಯಾ, ತಶೆಲ್ಹಿತ್, ತರಿಫಿತ್, ಸಹಾರಾದ ತುವಾರೆಗ್ ಜನರ ತಮಾಶೆಕ್ ಎಲ್ಲವೂ ಅದರ ಕವಲುಗಳೇ. ದೂರದ ಕವಲಿನವರ ಮಾತು ಇನ್ನೊಬ್ಬರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಅರಬ್ಬಿಯೂ ಬರ್ಬರ್ ನುಡಿಗಳೂ ಆಫ್ರೋ-ಏಷ್ಯಾಟಿಕ್ ಎಂಬ ದೊಡ್ಡ ಬಳಗಕ್ಕೆ ಸೇರಿದ ದೂರದ ನಂಟರು. ಟುನೀಷಿಯದ ದುಗ್ಗಾದಲ್ಲಿ ಸಿಕ್ಕ ಕ್ರಿಸ್ತಪೂರ್ವ ಎರಡನೆಯ ಶತಮಾನದ ಶಾಸನವೊಂದರಲ್ಲಿ ಪ್ರಾಚೀನ ಕಾರ್ತೇಜಿನವರ ಪ್ಯುನಿಕ್ ಭಾಷೆಯ ಜೊತೆಗೆ ಬರ್ಬರ್ ಪೂರ್ವಜರ ಲಿಪಿಯೂ ಇದೆ. ತುವಾರೆಗ್ ಜನ ಉಳಿಸಿಕೊಂಡು ಬಂದ ತಿಫಿನಾಗ್ ಲಿಪಿ ಅದೇ ಪರಂಪರೆಯದು.

ಅರಬ್ಬಿ ಬಂದದ್ದು ಏಳನೆಯ ಶತಮಾನದಲ್ಲಿ, ಸೇನೆ ಮತ್ತು ಧರ್ಮದ ಜೊತೆಗೆ. ಹನ್ನೊಂದನೆಯ ಶತಮಾನದಲ್ಲಿ ಬನೂ ಹಿಲಾಲ್ ಬುಡಕಟ್ಟುಗಳು ಪೂರ್ವದಿಂದ ವಲಸೆ ಬಂದ ಮೇಲೆ ಅದು ಬಯಲುಗಳಿಗೂ ಹರಡಿತು. ಬರ್ಬರ್ ನುಡಿಗಳು ಹೆಚ್ಚಾಗಿ ಬೆಟ್ಟಗಳಲ್ಲಿ, ಮರುಭೂಮಿಯಲ್ಲಿ ಉಳಿದುಕೊಂಡವು. ಇದನ್ನು ಎರಡು ಜನಾಂಗಗಳ ನಡುವಿನ ಗೋಡೆ ಎಂದು ತಿಳಿಯುವುದು ಸರಿಯಲ್ಲ. ದಾರಿಜಾ ಆಡುವ ಅಸಂಖ್ಯ ಮಂದಿಯ ಪೂರ್ವಜರು ಬರ್ಬರ್ ನುಡಿಯವರೇ, ಮತ್ತು ದಾರಿಜಾದ ಉಚ್ಚಾರಣೆ, ಪದಸಂಪತ್ತಿನಲ್ಲಿ ಆ ನುಡಿಯ ಗುರುತು ಇದೆ. ಹೊಸಬರ ಕಿವಿಗೆ ವ್ಯತ್ಯಾಸ ಹಿಡಿಯಲು ಒಂದು ಸುಳುಹು ಹೇಳಬಹುದು: ಬರ್ಬರ್ ಸ್ತ್ರೀಲಿಂಗ ಪದಗಳು ಹೆಚ್ಚಾಗಿ ‘ತ’ಕಾರದಿಂದ ಶುರುವಾಗಿ ‘ತ್’ಕಾರದಲ್ಲೇ ಮುಗಿಯುತ್ತವೆ. ಹಾಡಿನಲ್ಲಿ ಆ ಸಪ್ಪಳ ಮತ್ತೆಮತ್ತೆ ಬಡಿಯುತ್ತಿರುತ್ತದೆ.

ಕಬೈಲ್ ಹಾಡಿನ ಬುಡದಲ್ಲಿ ಇಬ್ಬರಿದ್ದಾರೆ: ಹೆಸರಿಲ್ಲದ ಹೆಂಗಸರು ಮತ್ತು ಅಲೆಮಾರಿ ಕವಿಗಳು. ಹೆಂಗಸರದು ಅಶೆವಿಕ್, ವಾದ್ಯವೂ ತಾಳದ ಕಟ್ಟೂ ಇಲ್ಲದೆ ಕೊರಳೊಂದರಿಂದಲೇ ಎಳೆಯುವ ಹಾಡು. ಅಲೆಮಾರಿಗಳಲ್ಲಿ ಎಲ್ಲರೂ ನೆನೆಯುವ ಹೆಸರು ಸಿ ಮೊಹಂದ್ ಊ ಮ್ಹಂದ್. 1857ರಲ್ಲಿ ಫ್ರೆಂಚರು ಆ ಬೆಟ್ಟಗಳನ್ನು ಗೆದ್ದು ಕೋಟೆ ಕಟ್ಟಲು ಅವರ ಹಳ್ಳಿಯನ್ನು ನೆಲಸಮ ಮಾಡಿದರು. 1871ರ ದಂಗೆಯ ಬಳಿಕ ತಂದೆಗೆ ಮರಣದಂಡನೆಯಾಯಿತು, ಆಸ್ತಿ ಮುಟ್ಟುಗೋಲಾಯಿತು. ಮನೆಮಠ ಕಳೆದುಕೊಂಡ ಆ ಯುವಕ ಬದುಕಿಡೀ ಕಾಲ್ನಡಿಗೆಯಲ್ಲಿ ಊರೂರು ಸುತ್ತುತ್ತ ಒಂಬತ್ತು ಸಾಲಿನ ಬಿಗಿಯಾದ ಪದ್ಯಗಳನ್ನು ಕಟ್ಟಿದರು. ಹೇಳಿದ ಪದ್ಯವನ್ನು ಮರಳಿ ಹೇಳುವುದಿಲ್ಲ ಎಂಬ ವ್ರತ ಅವರದಾಗಿತ್ತಂತೆ. ಉಳಿದದ್ದೆಲ್ಲ ಕೇಳಿದವರ ನೆನಪಿನಿಂದ. ಅಮಾರ್ ಸಯೀದ್ ಬುಲಿಫಾ ಎಂಬ ಕಬೈಲ್ ಅಧ್ಯಾಪಕರು ಆ ಪದ್ಯಗಳನ್ನು 1904ರಲ್ಲಿ ಅಚ್ಚಿಗೆ ತಂದರು; ಮರುವರ್ಷವೇ ಕವಿ ತೀರಿಕೊಂಡರು. ಇಂದಿನ ಕಬೈಲ್ ಗಾಯಕರ ಸಾಹಿತ್ಯದಲ್ಲೂ ಆ ಪದ್ಯದ ಉಸಿರಾಟ ಇದೆ.

ಜಮೀನು ಹೋದ ಬೆಟ್ಟದ ಜನ ಕೂಲಿ ಹುಡುಕಿ ಫ್ರಾನ್ಸಿಗೆ ಹಡಗು ಹತ್ತಿದರು. ಪ್ಯಾರಿಸ್‌ನ ಕಾಫಿ ಅಂಗಡಿಗಳೇ ಕಬೈಲ್ ಹಾಡಿನ ಹೊಸ ವೇದಿಕೆಗಳಾದವು. ಉಕ್ಕಿನ ಕಾರ್ಖಾನೆಯಲ್ಲೂ ಪ್ಯಾರಿಸ್ ಮೆಟ್ರೊದಲ್ಲೂ ದುಡಿದ ಸ್ಲಿಮಾನ್ ಅಜೆಮ್ (1918–1983) ಅಲ್ಲಿ ಗಿಟಾರ್ ಹಿಡಿದು ವಲಸೆಯ ನೋವನ್ನು ಹಾಡಿದರು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಅವರು ಮಿಡತೆಗಳನ್ನು ಉದ್ದೇಶಿಸಿ ‘ನಮ್ಮ ನಾಡು ಬಿಟ್ಟು ತೊಲಗಿ’ ಎಂದು ಹಾಡಿದಾಗ ಮಿಡತೆ ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಸ್ವತಂತ್ರ ಅಲ್ಜೀರಿಯದ ರೇಡಿಯೊ ಮುಂದೆ ಅವರ ಹಾಡುಗಳನ್ನೂ ನಿಷೇಧಿಸಿತು. ಅವರು ತೀರಿಕೊಂಡದ್ದು ಫ್ರಾನ್ಸಿನಲ್ಲೇ.

1962ರಲ್ಲಿ ಸ್ವಾತಂತ್ರ್ಯ ಬಂದಾಗ ಹೊಸ ಸರಕಾರ ಅರಬ್ಬಿಯೊಂದನ್ನೇ ರಾಷ್ಟ್ರದ ಭಾಷೆಯಾಗಿ ಆರಿಸಿತು. ನೂರಮೂವತ್ತು ವರ್ಷ ಫ್ರೆಂಚಿನ ಅಡಿಯಲ್ಲಿ ನಲುಗಿದ ದೇಶಕ್ಕೆ ಅರಬ್ಬಿಯನ್ನು ಮರಳಿ ತರುವ ಹಂಬಲ ಸಹಜವೇ. ಆ ಹಂಬಲವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಶಾಲೆಗೆ ಬಂದದ್ದು ಗ್ರಂಥಸ್ಥ ಅರಬ್ಬಿ, ಮನೆಯಲ್ಲಿ ಯಾರೂ ಆಡದ ಭಾಷೆ. ಕಬೈಲ್ ಮಗುವಿಗೆ ಅದು ಪರಭಾಷೆ. ದಾರಿಜಾ ಆಡುವ ಮಗುವಿಗೂ ತನ್ನ ತಾಯಿಯ ಮಾತು ಕೆಟ್ಟ ಅರಬ್ಬಿ ಎಂಬ ಪಾಠವೇ ಸಿಕ್ಕಿತು. ಈ ಕಥೆಯಲ್ಲಿ ಹೆಚ್ಚಿನವರು ಗಮನಿಸದ ಸಂಗತಿ ಇದು: ಬರ್ಬರ್ ಮತ್ತು ಅರಬ್ಬಿಯ ಕಾಳಗ ಎಂದು ಹೊರಗಿನಿಂದ ಕಂಡದ್ದರಲ್ಲಿ ಪೆಟ್ಟು ತಿಂದದ್ದು ಎರಡೂ ಆಡುನುಡಿಗಳು.

ಚರ್ಚುಗೀತೆಯಂಥ ಗಾಂಭೀರ್ಯದಲ್ಲಿ ತಾಯಿಯ ಕಬೈಲ್ ಹಾಡುಗಳನ್ನು ಹಾಡುತ್ತಿದ್ದ ತಾವ್ಸ್ ಅಮ್ರೂಷ್ ಅವರಿಗೆ 1969ರ ಅಲ್ಜೀರ್ಸ್ ಪಾನ್-ಆಫ್ರಿಕನ್ ಉತ್ಸವದ ವೇದಿಕೆ ಸಿಗಲಿಲ್ಲ. ಇಡೀ ಖಂಡದ ಸಂಸ್ಕೃತಿಯನ್ನು ಕೊಂಡಾಡಲು ನಡೆದ ಉತ್ಸವದಲ್ಲಿ ಆ ನೆಲದ ಅತಿ ಹಳೆಯ ಕೊರಳಿಗೆ ಜಾಗವಿಲ್ಲ ಎಂಬುದು ನನಗೆ ಇಂದಿಗೂ ಅರಗದ ಸಂಗತಿ. ಅವರು ವಿದ್ಯಾರ್ಥಿಗಳ ಮುಂದೆ ಹಾಡಿ ಹಿಂದಿರುಗಿದರು. ಹೀಗಿದ್ದೂ ಸರಕಾರಿ ರೇಡಿಯೊದಲ್ಲಿ ಕಬೈಲ್ ವಾಹಿನಿಯೊಂದು ಉಳಿದಿತ್ತು. ಹರೆಯದಲ್ಲೇ ಮನೆ ಬಿಟ್ಟು ಬಂದ ಷೆರೀಫಾ ಅವರಂಥ ಗಾಯಕಿಯರು ಆ ವಾಹಿನಿಯಿಂದಲೇ ಹಳ್ಳಿಯ ಹೆಂಗಸರ ಹಾಡನ್ನು ದೇಶಕ್ಕೆ ಕೇಳಿಸಿದರು. ಅದಕ್ಕಾಗಿ ಮನೆತನದ ಮಾನ ಕಳೆದವರೆಂಬ ಮಾತನ್ನೂ ಸಹಿಸಿಕೊಂಡರು.

1973ರಲ್ಲಿ ಭೂವಿಜ್ಞಾನ ಓದುತ್ತಿದ್ದ ಹಮೀದ್ ಷೆರಿಯೆತ್ ಎಂಬ ಯುವಕ ಇದೇ ರೇಡಿಯೊದಲ್ಲಿ ಬೇರೊಬ್ಬ ಗಾಯಕಿಯ ಬದಲಿಗೆ ಹಾಡಬೇಕಾಗಿ ಬಂತು. ವೇದಿಕೆಗೆ ಇಟ್ಟುಕೊಂಡ ಹೆಸರು ಇದೀರ್. ಅದೇ ಕಾಲದಲ್ಲಿ, ಕವಿ ಬೆನ್ ಮೊಹಮದ್ ಅವರ ಸಾಹಿತ್ಯಕ್ಕೆ ಇದೀರ್ ‘ಅ ವಾವಾ ಇನೂವಾ’ ಎಂಬ ಹಾಡನ್ನು ರೂಪಿಸಿದರು. ಅದು ಅಜ್ಜಿಯರು ಹೇಳುವ ಕಥೆ: ಕಾಡಿನ ರಕ್ಕಸನಿಗೆ ಹೆದರಿದ ಮಗಳು ಬಾಗಿಲು ತೆರೆಯೆಂದು ಬೇಡುತ್ತಾಳೆ, ಒಳಗಿರುವ ತಂದೆ ಗುರುತಿಗಾಗಿ ನಿನ್ನ ಬಳೆಗಳನ್ನು ಆಡಿಸು ಎನ್ನುತ್ತಾನೆ, ನನಗೂ ಅದೇ ಭಯ ಎನ್ನುತ್ತಾನೆ. ಮುಂದಿನ ಚರಣದಲ್ಲಿ ಹಿಮ ಕವಿದ ಮನೆ, ಒಲೆಯ ಸುತ್ತ ಕುಳಿತ ಸಂಸಾರ. ಗಿಟಾರ್ ತಂತಿಗಳ ಮೆಲುನಡೆ ಮತ್ತು ಮೆಲುದನಿಯ ಆ ಹಾಡಿನಲ್ಲಿ ಘೋಷಣೆಯ ಒಂದು ಪದವೂ ಇಲ್ಲ. ಹಾಡು ದೇಶದಲ್ಲೆಲ್ಲ ಮೊಳಗುವಾಗ ಹಾಡಿದವರು ಕಡ್ಡಾಯ ಸೈನಿಕ ಸೇವೆಯಲ್ಲಿದ್ದರು. 1976ರಲ್ಲಿ ಪ್ಯಾರಿಸ್‌ನಿಂದ ಆಲ್ಬಮ್ ಬಂದು ಗಡಿ ದಾಟಿತು. ಕಬೈಲ್ ಎಂಬ ಪದವನ್ನೇ ಕೇಳಿರದವರೂ ಅದನ್ನು ಗುನುಗಿದರು. ತಮ್ಮ ಅಜ್ಜಿಯ ಮಾತು ಆಧುನಿಕವಾಗಿಯೂ ಇರಬಲ್ಲದು ಎಂಬ ಧೈರ್ಯ ಅಲ್ಲಿನ ಒಂದು ತಲೆಮಾರಿಗೆ ಬಂದದ್ದು ಇದರಿಂದ.

ಆ ತಲೆಮಾರು 1980ರಲ್ಲಿ ಬೀದಿಗಿಳಿಯಿತು. ಮಾರ್ಚ್ 10ರಂದು ಕಬೈಲ್ ಸೀಮೆಯ ತಿಜಿ ಉಜು ವಿಶ್ವವಿದ್ಯಾಲಯದಲ್ಲಿ ಲೇಖಕ ಮೂಲೂದ್ ಮಮ್ಮೇರಿ ಅವರು ಪ್ರಾಚೀನ ಕಬೈಲ್ ಕಾವ್ಯದ ಬಗ್ಗೆ ಉಪನ್ಯಾಸ ನೀಡಬೇಕಿತ್ತು. ಅಧಿಕಾರಿಗಳು ಅದನ್ನು ತಡೆದರು. ಹಳೆಯ ಪದ್ಯಗಳ ಕುರಿತ ಒಂದು ಭಾಷಣಕ್ಕೆ ಬಿದ್ದ ತಡೆ ಮುಷ್ಕರವಾಯಿತು, ಏಪ್ರಿಲ್ 20ರ ನಸುಕಿನಲ್ಲಿ ಪಡೆಗಳು ವಿಶ್ವವಿದ್ಯಾಲಯಕ್ಕೆ ನುಗ್ಗಿದವು, ಇಡೀ ಪ್ರದೇಶ ಹೊತ್ತಿ ಉರಿಯಿತು. ಅದನ್ನು ಬರ್ಬರ್ ವಸಂತ ಎಂದು ಕರೆಯುತ್ತಾರೆ. ಅಲ್ಲಿಂದ ಮುಂದೆ ಲೂನೀಸ್ ಆಯ್ತ್ ಮೆಂಗೆಲ್ಲೆತ್, ಫರ್ಹಾತ್, ಮಾತೂಬ್ ಲೂನೆಸ್ ಅವರ ಕ್ಯಾಸೆಟ್ಟುಗಳು ಪತ್ರಿಕೆಗಳು ಮಾಡಲಾರದ ಕೆಲಸ ಮಾಡಿದವು.

ಮಾತೂಬ್ ಇದೀರ್ ಅವರಂತೆ ಮೆಲುದನಿಯವರಲ್ಲ. 1988ರ ಅಕ್ಟೋಬರ್ ಗಲಭೆಯಲ್ಲಿ ಪೊಲೀಸ್ ಗುಂಡುಗಳು ಅವರ ಮೈ ಹೊಕ್ಕವು; ಚೇತರಿಸಿಕೊಂಡು ಮತ್ತೆ ಹಾಡಿದರು. 1994ರ ಸೆಪ್ಟೆಂಬರ್ 25ರಂದು ಶಸ್ತ್ರಸಜ್ಜಿತ ಇಸ್ಲಾಮಿಸ್ಟ್ ಗುಂಪೊಂದು ಅವರನ್ನು ಅಪಹರಿಸಿತು; ಇಡೀ ಕಬೈಲ್ ಸೀಮೆ ಎದ್ದು ನಿಂತ ಮೇಲೆ ಎರಡು ವಾರಗಳಲ್ಲಿ ಬಿಡುಗಡೆಯಾಯಿತು. 1998ರ ಜೂನ್ 25ರಂದು ಬೆಟ್ಟದ ದಾರಿಯಲ್ಲಿ ಅವರ ಕಾರಿನ ಮೇಲೆ ಗುಂಡಿನ ಮಳೆಗರೆದು ಕೊಂದರು. ಕೊಂದವರಾರು ಎಂಬ ಸರಕಾರದ ವಿವರಣೆಯನ್ನು ಕುಟುಂಬ ಒಪ್ಪಲಿಲ್ಲ. ಎಲ್ಲ ವ್ಯವಹಾರದಲ್ಲೂ ಅರಬ್ಬಿಯನ್ನು ಕಡ್ಡಾಯಗೊಳಿಸುವ ಕಾನೂನು ಜಾರಿಯಾಗಬೇಕಿದ್ದದ್ದು ಹತ್ತೇ ದಿನಗಳ ಬಳಿಕ, ಜುಲೈ 5ರಂದು. ಮಾತೂಬ್ ಅವರ ಸಂಗೀತವನ್ನು ಗಮನವಿಟ್ಟು ಕೇಳಿದವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಮ್ಯಾಂಡೊಲಿನ್ ಜಾತಿಯ ತಂತಿವಾದ್ಯವಾದ ಮಾಂಡೋಲ್ ಅನ್ನು ಅವರು ನುಡಿಸುವ ರೀತಿ, ಹಾಡಿನ ಕಟ್ಟು ಎಲ್ಲವೂ ಶಾಬಿಯದು, ಅಂದರೆ ಅಲ್ಜೀರ್ಸ್‌ನ ಹಳೇಪೇಟೆ ಕಸ್ಬಾದ ದಾರಿಜಾ ಹಾಡಿನದು. ಆ ಶಾಬಿಯನ್ನು ಕಟ್ಟಿ ನಿಲ್ಲಿಸಿದ ಎಲ್ ಹಾಜ್ ಮ್ಹಮದ್ ಎಲ್ ಅಂಕಾ (1907–1978) ಕಬೈಲ್ ಮೂಲದ ಕುಟುಂಬದವರು. ಭಾಷೆಗಳ ನಡುವೆ ಕಾನೂನು ಎಳೆದ ಗೆರೆ ಸಂಗೀತಗಾರರ ಕೈಬೆರಳುಗಳಲ್ಲಿ ಇರಲೇ ಇಲ್ಲ.

ದಾರಿಜಾದ ಹಾಡುಗಾರರೂ ಬೆಲೆ ತೆತ್ತರು. ಓರಾನ್ ಸೀಮೆಯ ದಾರಿಜಾ ಹಾಡಿನ ಬಗೆಯಾದ ರಾಯ್ ಸಂಗೀತದ ತಾಯಿ ಎನಿಸಿದ ಷೇಖಾ ರಿಮಿತ್ತಿ (1923–2006) ಅನಾಥೆಯಾಗಿ ಬೆಳೆದು, ಅಕ್ಷರ ಕಲಿಯದೆ, ಹೆಣ್ಣಿನ ಬಯಕೆಯನ್ನೂ ದುಡಿಮೆಯ ದಣಿವನ್ನೂ ಮುಚ್ಚುಮರೆಯಿಲ್ಲದೆ ಹಾಡಿದರು. ಸ್ವತಂತ್ರ ದೇಶದ ರೇಡಿಯೊ ಅವರಿಗೂ ಬಾಗಿಲು ಮುಚ್ಚಿತು. 1985ರಲ್ಲಿ ಓರಾನ್‌ನಲ್ಲಿ ರಾಯ್ ಉತ್ಸವ ನಡೆದು ಸರಕಾರ ಮೆತ್ತಗಾಗುವ ಹೊತ್ತಿಗೆ ಹೊಸ ಗಂಡಾಂತರ ಕಾದಿತ್ತು. ಪ್ರೇಮಗೀತೆಗಳ ಗಾಯಕ ಷೆಬ್ ಹಸ್ನಿ ಓರಾನ್‌ನಲ್ಲಿ ಗುಂಡೇಟಿಗೆ ಬಲಿಯಾದದ್ದು 1994ರ ಸೆಪ್ಟೆಂಬರ್ 29ರಂದು. ಮಾತೂಬ್ ಆಗ ಅಪಹರಣಕಾರರ ಕೈಯಲ್ಲಿದ್ದರು. ಕಬೈಲ್ ಹಾಡುವವನಿಗೂ ಬೀದಿಯ ಅರಬ್ಬಿಯಲ್ಲಿ ಹಾಡುವವನಿಗೂ ಒಂದೇ ವಾರದಲ್ಲಿ ಬಂದೂಕು ಎದುರಾಯಿತು.

ಮೊರಾಕೊದ ಹಾದಿ ಇಷ್ಟು ರಕ್ತಮಯವಲ್ಲ. ಅಲ್ಲಿನ ಸೂಸ್ ಸೀಮೆಯ ಅಲೆಮಾರಿ ಗಾಯಕರಾದ ರ್ವಾಯ್ಸ್ ಒಂಟಿ ತಂತಿಯ ರಿಬಾಬ್ ನುಡಿಸುತ್ತ ತಶೆಲ್ಹಿತ್‌ನಲ್ಲಿ ಹಾಡುತ್ತಾರೆ. ಅವರದು ಐದೇ ಸ್ವರಗಳ ಸಂಗೀತ. ಔಡವ ರಾಗಗಳಿಗೆ ಒಗ್ಗಿದ ನಮ್ಮ ಕಿವಿಗೆ ತಕ್ಷಣ ಹತ್ತಿರವಾಗುತ್ತದೆ. 2001ರಲ್ಲಿ ಅಲ್ಲಿ ಅಮಾಜಿಗ್ ಸಂಸ್ಕೃತಿಗೆ ರಾಜಾಶ್ರಯದ ಸಂಸ್ಥೆ ಹುಟ್ಟಿತು, 2003ರಲ್ಲಿ ಶಾಲೆಗೆ ತಿಫಿನಾಗ್ ಲಿಪಿ ಬಂತು, 2011ರ ಸಂವಿಧಾನ ಅಮಾಜಿಗ್ ನುಡಿಗೆ ಅಧಿಕೃತ ಸ್ಥಾನ ಕೊಟ್ಟಿತು. ಅದೇ ವರ್ಷ ಸಂಸತ್ತಿಗೆ ಆಯ್ಕೆಯಾದ ರ್ವಾಯ್ಸ್ ಪರಂಪರೆಯ ಗಾಯಕಿ ಫಾತಿಮಾ ತಬಾಮ್ರಂತ್ 2012ರಲ್ಲಿ ಸದನದಲ್ಲಿ ತಮ್ಮ ನುಡಿಯಲ್ಲೇ ಪ್ರಶ್ನೆ ಕೇಳಿದರು; ಅನುವಾದದ ಏರ್ಪಾಡಿಲ್ಲ ಎಂದು ಗದ್ದಲವೆದ್ದಿತು. ಇನ್ನು ಸಹಾರಾದ ತುವಾರೆಗ್ ಯುವಕರು ಲಿಬಿಯದ ಸೇನಾ ಶಿಬಿರಗಳಲ್ಲಿ ಗಿಟಾರ್ ಹಿಡಿದು ಕಟ್ಟಿದ ತಿನಾರಿವೆನ್ ತಂಡ ತಮಾಶೆಕ್ ಹಾಡುಗಳಿಗೆ 2012ರಲ್ಲಿ ಗ್ರ್ಯಾಮಿ ಪಡೆಯಿತು.

ಅಲ್ಜೀರಿಯದಲ್ಲಿ ಒಂದೊಂದು ಹೆಜ್ಜೆಗೂ ಬಲಿ ಬೇಕಾಯಿತು. 2001ರಲ್ಲಿ ಮಸಿನಿಸ್ಸಾ ಗೆರ್ಮಾ ಎಂಬ ವಿದ್ಯಾರ್ಥಿ ಪೊಲೀಸ್ ಠಾಣೆಯಲ್ಲಿ ಗುಂಡು ತಗುಲಿ ಸತ್ತಾಗ ಎದ್ದ ದಂಗೆಯಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮರುವರ್ಷ ತಮಾಜಿಗ್ತ್ ‘ರಾಷ್ಟ್ರೀಯ ಭಾಷೆ’ಯಾಯಿತು, 2016ರಲ್ಲಿ ‘ಅಧಿಕೃತ ಭಾಷೆ’ಯಾಯಿತು. ಅಮಾಜಿಗ್ ಹೊಸವರ್ಷ ಯೆನ್ನಾಯೆರ್ 2018ರಿಂದ ಸಾರ್ವಜನಿಕ ರಜೆ. ಆ ಜನವರಿಯಲ್ಲಿ ಇದೀರ್ ಸುಮಾರು ನಾಲ್ಕು ದಶಕಗಳ ಬಳಿಕ ಅಲ್ಜೀರ್ಸ್‌ನಲ್ಲಿ ಹಾಡಿದರು. 2020ರ ಮೇ 2ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. ಈ ಎರಡರ ನಡುವೆ, 2019ರ ಜನಾಂದೋಲನದಲ್ಲಿ, ಅಮಾಜಿಗ್ ಬಾವುಟ ಹಿಡಿದರೆಂಬ ಕಾರಣಕ್ಕೆ ಯುವಕರನ್ನು ಜೈಲಿಗಟ್ಟಿದ್ದೂ ಇದೇ ದೇಶ. ಸಂವಿಧಾನದಲ್ಲಿ ಅಧಿಕೃತವಾದ ನುಡಿಯ ಬಾವುಟ ಬೀದಿಯಲ್ಲಿ ಅಪರಾಧವಾಯಿತು.

ಈಗಿನ ಜಗಳ ಲಿಪಿಯದು. ಕಬೈಲ್ ಬರಹಗಾರರು ಮಮ್ಮೇರಿ ಕಾಲದಿಂದ ಲ್ಯಾಟಿನ್ ಅಕ್ಷರಗಳಿಗೆ ಒಗ್ಗಿದ್ದಾರೆ, ಅರಬ್ಬಿ ಲಿಪಿಯೇ ಸರಿ ಎನ್ನುವವರಿದ್ದಾರೆ, ತಿಫಿನಾಗ್ ನಾಮಫಲಕಗಳ ಮೇಲೆ ಹೊಳೆಯುತ್ತಿದೆ. 2018ರಲ್ಲಿ ಅಮಾಜಿಗ್ ಅಕಾಡೆಮಿಯೊಂದಕ್ಕೆ ಕಾನೂನು ಒಪ್ಪಿಗೆ ದೊರೆತ ಮೇಲೂ ಈ ವಾದ ಮುಗಿದಿಲ್ಲ. ಶಾಲೆಯಲ್ಲಿ ತಮಾಜಿಗ್ತ್ ಐಚ್ಛಿಕವಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂಬ ಬೇಡಿಕೆಯೂ ಅದರ ಜೊತೆಗೇ ನಿಂತಿದೆ.