ಅವಾಬಿ ಬಂಡೆಗಿಳಿದ ತಾಮ್ರದ ಹೆಲ್ಮೆಟ್

ಜಪಾನಿನಲ್ಲಿ ಹೆಲ್ಮೆಟ್ ತೊಟ್ಟು ಮುಳುಗುವ ಕಸುಬಿಗೆ ಮೂಲ ಮೀನುಗಾರಿಕೆಯಲ್ಲ, ಹಡಗು ರಿಪೇರಿ. 1860ರ ದಶಕದಲ್ಲಿ ಯೋಕೋಹಾಮಾ ಬಂದರಿನಲ್ಲಿ ವಿದೇಶಿ ಹಡಗಿನ ತಳ ದುರಸ್ತಿಗೆ ಬಂದ ಸಲಕರಣೆಯ ಬಳಕೆಯನ್ನು ಮಸುದಾ ಮಾನ್‌ಕಿಚಿ ಕಲಿತ. 1878ರಲ್ಲಿ ಅದನ್ನೇ ಟೋಕಿಯೋ ಬಳಿಯ ಬೋಸೊ ಪರ್ಯಾಯದ್ವೀಪದ ತುದಿಯ ನೆಮೊಟೊ ಹಳ್ಳಿಗೆ ಒಯ್ದು ಅವಾಬಿ ಕೀಳಲು ಹಚ್ಚಿದ. ಅವಾಬಿ ಬಂಡೆಗೆ ಕಚ್ಚಿಕೊಂಡಿರುವ ಒಂಟಿ ಚಿಪ್ಪಿನ ಜೀವಿ. ಒಣಗಿಸಿದರೆ ಚೀನಾದಲ್ಲಿ ಒಳ್ಳೆಯ ಬೆಲೆ. ಉಸಿರು ಬಿಗಿಹಿಡಿದು ಮುಳುಗುವ 'ಅಮಾ'ಗಳು ಒಂದು ಉಸಿರಿಗೆ ಎಷ್ಟು ಸಿಕ್ಕೀತೋ ಅಷ್ಟೇ ತರುತ್ತಿದ್ದರು. ಹೆಲ್ಮೆಟ್ಟಿನವನು ತಳದಲ್ಲೇ ನಿಂತು ಸಂದುಗೊಂದು ತಡಕಬಲ್ಲ.

ರಬ್ಬರ್ ಕೂಡಿಸಿದ ಕ್ಯಾನ್ವಾಸ್ ಉಡುಪಿನ ಕೊರಳಪಟ್ಟಿಯ ತೂತುಗಳನ್ನು ತಾಮ್ರದ ಎದೆಕವಚದ 12 ಬೋಲ್ಟುಗಳಿಗೆ ಸಿಕ್ಕಿಸಿ, ಮೇಲೆ ಹಿತ್ತಾಳೆ ಪಟ್ಟಿಗಳನ್ನಿಟ್ಟು ನಟ್ ಬಿಗಿಯುತ್ತಾರೆ. ಹೆಲ್ಮೆಟ್ಟನ್ನು ಕವಚದ ಮೇಲೆ ಕೂರಿಸಿ ಎಂಟನೇ ಒಂದು ಸುತ್ತು ತಿರುಗಿಸಿದರೆ ಸಾಕು, ಕಚ್ಚಿಕೊಳ್ಳುತ್ತದೆ. ಎದೆಗೆ, ಬೆನ್ನಿಗೆ, ಬೂಟಿಗೆ ಸೀಸ. ಒಟ್ಟು ಭಾರ 60 ಕಿಲೋ ದಾಟುತ್ತದೆ. ಮುಖದ ಗಾಜು ಮುಚ್ಚುವುದು ದೋಣಿಯಿಂದ ಕೊಳವೆಯಲ್ಲಿ ಗಾಳಿ ಕಳಿಸುವ ಪಂಪ್ ನಡೆಯತೊಡಗಿದ ಮೇಲೆಯೇ.

ಆಮೇಲಿನದೆಲ್ಲ ಗಾಳಿಯ ಲೆಕ್ಕ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 30ರಲ್ಲಿ ನಾಲ್ಕು ಪಟ್ಟು. ದೋಣಿಯಲ್ಲಿ ಪಂಪ್ ಒತ್ತುವವರು ಅದೇ ಉಸಿರಿಗೆ ನಾಲ್ಕು ಪಟ್ಟು ಗಾಳಿ ತುಂಬಬೇಕು. ಮುಳುಗುವವನು ಕಾಲುಜಾರಿ ಥಟ್ಟನೆ ಆಳಕ್ಕೆ ಬಿದ್ದರೆ ಪಂಪ್ ಹಿಂದೆಬೀಳುತ್ತದೆ. ಉಡುಪು ಮೈಯನ್ನು ಅಮುಕುತ್ತದೆ, ಹೆಲ್ಮೆಟ್ ಮಾತ್ರ ಕುಗ್ಗದು, ರಕ್ತ ತಲೆಗೆ ನುಗ್ಗುತ್ತದೆ. ಕೊಳವೆ ಮೇಲೆಲ್ಲೋ ಒಡೆದರೂ ಇದೇ ಗತಿ. ಅದಕ್ಕೇ ಗಾಳಿ ಹಿಂದಕ್ಕೆ ಹೋಗದಂತೆ ಕೊಳವೆ ಹೆಲ್ಮೆಟ್ಟಿಗೆ ಸೇರುವಲ್ಲಿ ಒಂದು ವಾಲ್ವ್. ಗಾಳಿ ಹೆಚ್ಚಾದರೆ ಒಳಗಿನಿಂದ ತಲೆಯಿಂದಲೇ 'ಕಿರಿಪ್ಪು' ಎಂಬ ಗುಂಡಿ ಒತ್ತಿ ಹೊರಬಿಡಬೇಕು. ಮರೆತರೆ ಗಾಳಿ ಕಾಲಿಗೆ ಏರಿ ಮನುಷ್ಯ ತಲೆಕೆಳಗಾಗುತ್ತಾನೆ. ಆಗ ಕಿರಿಪ್ಪು ಒತ್ತಿ ಉಪಯೋಗವಿಲ್ಲ, ಗಾಳಿಯಿರುವುದು ಕಾಲಿನಲ್ಲಿ. ಮೇಲೇರಿದಷ್ಟೂ ಉಡುಪು ಉಬ್ಬುತ್ತದೆ, ಉಬ್ಬಿದಷ್ಟೂ ವೇಗ ಏರುತ್ತದೆ. ಇಷ್ಟನ್ನೂ ಮೈಗೂಡಿಸಿಕೊಳ್ಳಲು ಪಳಗಿದವನ ಪಕ್ಕದಲ್ಲೇ ನಿಂತು ಕಲಿಯಬೇಕಿತ್ತು. ವಿದ್ಯೆ ಊರಿಂದೂರಿಗೆ ಜನರ ಜೊತೆಯಲ್ಲೇ ಹೋದದ್ದು ಅದಕ್ಕೇ.

1897ರಲ್ಲಿ ಬೋಸೊದ ಕೊದಾನಿ ಗೆನ್ನೊಸುಕೆ ಅವಾಬಿಗಾಗಿ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್‌ಗೆ ಹೋದ. ಅಲ್ಲಿಯ ನೀರಿನ ಕೊರೆತ ಬರಿಮೈಯ ಮುಳುಗುಗಾರರಿಗೆ ತಡೆಯಲಾಗಲಿಲ್ಲ, ಹೆಲ್ಮೆಟ್ ತರಿಸಬೇಕಾಯಿತು. ಜಪಾನಿನ ವಾಕಾಯಾಮಾ ಕಡೆಯವರು ಮುತ್ತಿನ ಚಿಪ್ಪಿಗಾಗಿ ಆಸ್ಟ್ರೇಲಿಯಾ ಸೇರಿದರು. ಹಂತಹಂತವಾಗಿ ನಿಂತು ಮೇಲೇರುವ ಲೆಕ್ಕ ಹೇಳುವ, ಬ್ರಿಟಿಷ್ ವಿಜ್ಞಾನಿ ಹಾಲ್ಡೇನ್‌ನ ಕೋಷ್ಟಕ ಬಂದದ್ದು 1908ರಲ್ಲಿ. ಅದಕ್ಕೆ ಮುಂಚೆ ಆಳದಲ್ಲಿ ತಾಸುಗಟ್ಟಲೆ ದುಡಿದು ನೇರ ಮೇಲೆ ಬಂದವರ ರಕ್ತದಲ್ಲಿ ನೈಟ್ರೋಜನ್ ಗುಳ್ಳೆಗಟ್ಟುತ್ತಿತ್ತು. ಆಸ್ಟ್ರೇಲಿಯಾದ ಬ್ರೂಮ್ ಊರಿನ ಜಪಾನಿ ಸ್ಮಶಾನದಲ್ಲಿ ಮಲಗಿರುವವರು 900ಕ್ಕೂ ಹೆಚ್ಚು. ಗುಳ್ಳೆರೋಗದ ಜೊತೆ ಚಂಡಮಾರುತಗಳೂ ಅವರನ್ನು ತೆಗೆದುಕೊಂಡವು.

1898ರಲ್ಲಿ ಉತ್ತರ ಜಪಾನಿನ ಇವಾತೆಯ ತಾನೆಇಚಿ ಬಳಿ 'ನಗೋಯಾ ಮಾರು' ಹಡಗು ಬಂಡೆಗೆ ಸಿಕ್ಕಿತು. ಅದನ್ನು ಒಡೆದು ಎತ್ತಲು ಬೋಸೊದಿಂದ ಬಂದವರು ಊರಿನ ಯುವಕನೊಬ್ಬನಿಗೆ ಕೆಲಸ ಕಲಿಸಿದರು. 'ನಂಬು ಮೊಗುರಿ' ಎಂಬ ಹೆಲ್ಮೆಟ್ ಮುಳುಗಿನ ಪರಂಪರೆ ಅಲ್ಲಿಂದ ಬೆಳೆಯಿತು. ಅಲ್ಲಿಯ ಹೈಸ್ಕೂಲಿನ ಮಕ್ಕಳು ಈಗಲೂ ತಾಮ್ರದ ಹೆಲ್ಮೆಟ್ ತೊಟ್ಟು ನೀರಿಗಿಳಿಯುತ್ತಾರೆ.